ನೀಲಿ ನೀರಿನ ಸೀಸೆ

ನಾದಿನಿ ಆ ಗಿಡವನ್ನು ಹಸುಗೂಸನ್ನು ಒಪ್ಪಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಿದ್ದಳು.

"ಅತ್ತಿಗೆ, ನೀಲಿ ಆರ್ಕಿಡ್ ಅಂದ್ರೆ ಲಕ್ಷಕ್ಕೊಂದಂತೆ. ನಾನು ಬರೋವರೆಗೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ."

ಅವಳನ್ನು ಕೆಲವು ತಿಂಗಳ ಮಟ್ಟಿಗೆ ಬೇರೆ ಊರಿನ ಶಾಖೆಗೆ ಕಳಿಸುತ್ತಿದ್ದರು. ಹೊರಡುವ ಮುಂಚೆ ಆಫೀಸಿನವರನ್ನೆಲ್ಲ ಸೇರಿಸಿ, ಚಪ್ಪಾಳೆ ತಟ್ಟಿಸಿ, ಮ್ಯಾನೇಜರೇ ಕೈಯಾರೆ ಕೊಟ್ಟ ಗಿಡ ಅದು. ಹೂವೋ, ಶಾಯಿಯಲ್ಲಿ ಅದ್ದಿ ತೆಗೆದಷ್ಟು ನೀಲಿ.

ಅತ್ತಿಗೆ ಬಟ್ಟೆ ಹೊಲಿದು ಬದುಕುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಮಷೀನು, ಕೊರಳಲ್ಲಿ ಅಳತೆ ಟೇಪು, ಮೂಲೆಯ ಕುರ್ಚಿಯಲ್ಲಿ ಜಪಮಣಿ ಹಿಡಿದ ಅತ್ತೆ. ಗಿಡಕ್ಕೂ ಅದೇ ಕಿಟಕಿಯಲ್ಲಿ ಜಾಗವಾಯಿತು. ಆದರೆ ನಾದಿನಿ ಹೋದ ಮೇಲೆ ಬಹಳ ದಿನ ಕಳೆಯಲಿಲ್ಲ, ಹೂಗಳು ಒಂದೊಂದಾಗಿ ಉದುರಿದವು. ಎಲೆಗಳು ಹಿಂಡದೆ ಹಾಕಿದ ಬಟ್ಟೆಯಂತೆ ಜೋತುಬಿದ್ದವು.

"ಹೋಯ್ತು ಬಿಡೇ. ಬಂದ ಜೀವ ಒಂದಿನ ಹೋಗಲೇಬೇಕು," ಎಂದರು ಅತ್ತೆ, ಮಣಿ ಎಣಿಸುತ್ತಲೇ.

"ನಂದಾಗಿದ್ರೆ ಬಿಡ್ತಿದ್ದೆ ಅತ್ತೆ. ನಂಬಿ ಇಟ್ಟು ಹೋಗಿರೋದು. ನಾಳೆ ನಿಮ್ಮ ಮಗಳು ಬಂದು, ಅತ್ತಿಗೆ ಕೈಗೆ ಕೊಟ್ಟೆ, ಮಣ್ಣಾಯ್ತು ಅಂದ್ರೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಬೇರು ನೋಡೋಣವೆಂದು ಕುಂಡಕ್ಕೆ ಬೆರಳು ಹಾಕಿದಳು. ಮೇಲಿನ ಬೆಣಚುಕಲ್ಲು ಅಲುಗಲಿಲ್ಲ. ಅಂದಕ್ಕೆಂದು ಹರಡಿದ ಕಲ್ಲುಗಳನ್ನು ಅಂಟು ಸುರಿದು ಒಂದೇ ಬಿಲ್ಲೆಯಾಗಿ ಮೆತ್ತಿದ್ದರು. ಕುಂಡವನ್ನು ತಿರುಗಿಸಿದರೆ ತಳದಲ್ಲಿ ಒಂದು ತೂತೂ ಇಲ್ಲ.

"ಅಯ್ಯೋ ಪಾಪಿಗಳಾ! ಮೇಲೆ ಬಾಯಿ ಹೊಲಿದು, ಕೆಳಗೆ ನೀರಲ್ಲಿ ಕೂರಿಸಿದ್ದಾರಲ್ಲ! ಹೆತ್ತ ತಾಯಿ ಇಲ್ವಾ ಇವರಿಗೆ?"

ಗಿಡಕ್ಕೂ ತಾಯಿಗೂ ಏನು ಸಂಬಂಧವೆಂದು ಅತ್ತೆ ಕೇಳಲಿಲ್ಲ. ಸೊಸೆಯ ಕೋಪ ಮೂಗಿನ ತುದಿಯಲ್ಲಿದ್ದಾಗ ಎದುರಾಡಿದವರು ಯಾರೂ ಇರಲಿಲ್ಲ.

ಕಲ್ಲಿನ ಬಿಲ್ಲೆ ಒಡೆದು ಗಿಡವನ್ನು ಹೊರತೆಗೆದಳು. ಕೊಳೆತ ಬೇರುಗಳು ಮುಟ್ಟಿದರೆ ಸಿಪ್ಪೆ ಕಳಚಿಕೊಂಡು ಬಂದವು, ಒಳಗೆ ಬರೀ ನೂಲು. ದಾರ ಕತ್ತರಿಸುವ ಸಣ್ಣ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಸತ್ತದ್ದನ್ನೆಲ್ಲ ತೆಗೆದಳು. ಉಳಿದದ್ದು ಬೆರಳೆಣಿಕೆಯ ಹಸಿರು ಬೇರು, ಮೊಂಡು ಹೂದಂಟು. ಇಂಥ ಗಿಡ ನೀರಿನಲ್ಲೂ ಬದುಕುತ್ತದೆ ಎಂದು ಪ್ಯಾಂಟು ಮೊಟಕು ಮಾಡಿಸಲು ಬಂದ ಗಿರಾಕಿಯೊಬ್ಬರು ಹೇಳಿದ್ದು ನೆನಪಾಯಿತು. ಖಾಲಿ ಜಾಮ್ ಸೀಸೆಗೆ ಕಂಠಪೂರ್ತಿ ನೀರು ತುಂಬಿ ಇಟ್ಟಳು. ನೀರು ನಾರಿತು. "ಬದುಕಿಸೋಕೆ ಹೋಗಿ ನಾನೂ ಮುಳುಗಿಸಿದೆನಲ್ಲ!" ಎಂದು ತನ್ನನ್ನೇ ಬೈದುಕೊಂಡು, ಬೇರಿನ ತುದಿಗೆ ಮಾತ್ರ ನೀರು ತಾಗುವಂತೆ ಇಳಿಸಿದಳು. ಹಗಲು ನೀರು, ರಾತ್ರಿ ಬರೀ ಗಾಳಿ. ಎಲೆಗಳು ನಿಧಾನವಾಗಿ ಬಿಗಿದುಕೊಂಡವು.

ಆದರೆ ನೀರು ಮಾತ್ರ ದಿನವೂ ನೀಲಿಯಾಗುತ್ತಿತ್ತು.

ಬಟ್ಟೆಗೆ ಗುರುತು ಹಾಕುವ ತನ್ನ ನೀಲಿ ಸೀಮೆಸುಣ್ಣ ಬಿದ್ದಿರಬೇಕೆಂದು ಸೀಸೆ ತೊಳೆದಳು, ಸೀಮೆಸುಣ್ಣವನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು. ಮರುದಿನ ಮತ್ತೆ ನೀಲಿ. ಕನ್ನಡಕ ಏರಿಸಿ ಗಿಡವನ್ನು ಇಂಚಿಂಚೂ ನೋಡಿದಾಗ ದಂಟಿನ ಬುಡದಲ್ಲಿ ಕಂಡಿತು: ಸೂಜಿ ಚುಚ್ಚಿದ ತೂತು, ಅದರ ಮೇಲೊಂದು ಚೂರು ಮೇಣ.

ಜೀವಮಾನವೆಲ್ಲ ಸೂಜಿ ಹಿಡಿದವಳು ಅವಳು. ಹರಿದದ್ದನ್ನು ಕೂಡಿಸುವುದಕ್ಕೆ ಸೂಜಿ ಎಂದು ನಂಬಿದ್ದವಳು. "ದೇವರು ಕೊಟ್ಟ ಬಣ್ಣ ಸಾಲದು ಅಂತ ಬಣ್ಣ ಚುಚ್ಚಿದ್ದಾರೆ ಅತ್ತೆ! ಅವನಿಗಿಂತ ದೊಡ್ಡ ಕಸುಬುದಾರರು ಇವರು!" ಆ ದಿನದ ನೀಲಿ ನೀರನ್ನು ಚೆಲ್ಲದೆ ಒಂದು ಸಣ್ಣ ಸೀಸೆಗೆ ಬಗ್ಗಿಸಿ, ಮುಚ್ಚಳ ಬಿಗಿದು ಇಟ್ಟಳು.

ನಾದಿನಿ ಮರಳುವ ಹೊತ್ತಿಗೆ ಮೊಂಡು ದಂಟಿನಿಂದ ಹೊಸ ಕವಲೊಡೆದು, ಎರಡು ಹೂ ಅರಳಿದ್ದವು. ಒಗೆದು ಒಣಗಿಸಿದ ಹತ್ತಿಯಂಥ ಬಿಳಿ.

ನಾದಿನಿ ಬಾಗಿಲಲ್ಲೇ ನಿಂತಳು. "ನನ್ನ ಗಿಡ ಎಲ್ಲಿ ಅತ್ತಿಗೆ?"

"ಇದೇ ಕಣೇ."

"ನನ್ನದು ನೀಲಿ. ಸತ್ತೋಯ್ತು ಅಂದಿದ್ರೆ ಅತ್ತು ಸುಮ್ನಾಗ್ತಿದ್ದೆ. ಯಾವುದೋ ಬಿಳೀದು ತಂದಿಟ್ಟು ನಂದೇ ಅಂತೀರಲ್ಲ, ನಾನೇನು ಚಿಕ್ಕ ಮಗೂನಾ?"

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ! ನಿನ್ನ ಗಿಡದ ಕೊಳೆ ತೊಳೆದ ಕೈ ಇದು. ಬಾ ಇಲ್ಲಿ, ಬಗ್ಗಿ ನೋಡು." ದಂಟಿನ ಬುಡದ ಮೇಣ ತೋರಿಸಿದಳು. ಸಣ್ಣ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ನಿನ್ನ ಲಕ್ಷಕ್ಕೊಂದು ಇಲ್ಲಿದೆ. ಸೂಜಿಯಲ್ಲಿ ಹೋದದ್ದು ನೀರಲ್ಲಿ ಬಂತು."

"ಬಣ್ಣ ಅಂದ್ರೆ... ಹಾಗೆ ಬಿಟ್ಟು ಹೋಗುತ್ತಾ?"

ಮೂಲೆಯಿಂದ ಅತ್ತೆ ಅಂದರು, "ನಿನ್ನ ತಲೇಗೆ ಹಚ್ಚೋದು ಇರುತ್ತಾ? ಬುಡದಲ್ಲಿ ನೋಡ್ಕೊ ಹೋಗೇ."

ಬೇರೆ ದಿನವಾಗಿದ್ದರೆ ನಾದಿನಿ ತಾಯಿಯ ಮೇಲೆ ಹಾರಿಬೀಳುತ್ತಿದ್ದಳು. ಈಗ ಹೊಲಿಗೆ ಮಷೀನಿನ ಸ್ಟೂಲಿನ ಮೇಲೆ ಕೂತಳು. ಬೆರಳ ತುದಿಯಿಂದ ಆ ಮೇಣವನ್ನು ಸವರಿದಳು.

"ಮೇಲಿನ ಹುದ್ದೆ ನಂದೇ ಅಂತ ಎಲ್ಲರೂ ಅಂತಿದ್ರು ಅತ್ತಿಗೆ. ಮ್ಯಾನೇಜರ್ ಅದನ್ನ ತನ್ನ ಭಾಮೈದನಿಗೆ ಕೊಟ್ಟ. ನನಗೆ ಈ ಗಿಡ ಕೊಟ್ಟು ಅಂದ, ನೀವೂ ಇದರ ಹಾಗೆ ಅಪರೂಪ, ಹುದ್ದೆಯಿಂದ ಅಳೆಯೋಕಾಗಲ್ಲ ಅಂತ. ನಾನು ಅದನ್ನೂ ನಂಬಿದೆ. ಊರಲ್ಲೆಲ್ಲ ಹೇಳ್ಕೊಂಡು ಬಂದೆ."

ಇಷ್ಟು ಹೊತ್ತು ನಾದಿನಿಯ ಮೇಲಿದ್ದ ಅತ್ತಿಗೆಯ ಸಿಟ್ಟು ಅವಳನ್ನು ದಾಟಿ, ಬಾಗಿಲು ದಾಟಿ, ಬೀದಿಗೆ ಇಳಿಯಿತು.

"ಅಂದ್ರೆ ನಿನ್ನ ಕಿವಿ ಮೇಲೆ ಇಟ್ಟ ಹೂವಿಗೆ ಇಷ್ಟು ದಿನ ನಾನು ನೀರು ಹಾಕಿದೆನಾ?"

ನಾದಿನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. "ನಾಳೆ ಇದನ್ನ ತಗೊಂಡು ಹೋಗಿ ಅವನ ಮೇಜಿನ ಮೇಲೇ ಇಡ್ತೀನಿ. ಎಲ್ಲರ ಮುಂದೆ ಕೇಳ್ತೀನಿ, ಇದು ಯಾವ ಬಣ್ಣ ಹೇಳಿ ಅಂತ." ಗಿಡದ ಕಡೆಗೆ ಕೈ ಚಾಚಿದಳು.

ಅತ್ತಿಗೆ ಅಡ್ಡ ನಿಂತಳು.

"ಕೇಳು. ತಪ್ಪದೆ ಕೇಳು. ಆದ್ರೆ ಗಿಡ ಬೇಡ. ಅದು ಒಂದು ಸಲ ಚುಚ್ಚಿಸಿಕೊಂಡದ್ದು ಸಾಕು, ಇಲ್ಲೇ ಇರಲಿ," ಎಂದವಳೇ ನೀಲಿ ನೀರಿನ ಸೀಸೆಯನ್ನು ನಾದಿನಿಯ ಕೈಯಲ್ಲಿಟ್ಟು ಬೆರಳುಗಳನ್ನು ಮಡಿಚಿದಳು. "ಅವರು ಕೊಟ್ಟದ್ದು ಇದು. ಇದನ್ನ ತಗೊಂಡು ಹೋಗಿ ವಾಪಸ್ ಕೊಡು."