ಅಮ್ಮನವರ ಸೀರೆಯ ಮಾಸ್ಕ್

ಬೀಜಾಡಿಯ ಚಂದ್ರಮತಿಯಮ್ಮ ಬೆಳಗಿನ ಪೂಜೆ ಮುಗಿಸಿ, ಜಗಲಿಯ ಮೇಲೆ ಕಾಲು ನೀಡಿ ಕುಳಿತು, ತಾನೇ ಹೊಲಿದ ಮಾಸ್ಕುಗಳಿಗೆ ಎಲಾಸ್ಟಿಕ್ ಪೋಣಿಸುತ್ತಿದ್ದರು. ಹೊರಗೆ ಹಸಿರಂಚಿನ ಕೆಂಪು ರೇಷ್ಮೆ, ಒಳಗೆ ಎರಡು ಪದರ ಮೆತ್ತಗಿನ ಹಳೇ ಪಂಚೆ. ಅವರಿಗೊಂದು, ಸೊಸೆ ಸೌಮ್ಯಶ್ರೀಗೊಂದು, ಮೊಮ್ಮಗಳು ಅನಿಷಾಗೆ ಅಂಗೈಯಷ್ಟಗಲದ್ದೊಂದು. ಮಗ ರವಿರಾಜನಿಗೆ ಕೆಲಸದ ಹೋಟೆಲಿನಲ್ಲಿ ಹಾಕಿಕೊಳ್ಳುವ ಮಾಸ್ಕೇ ಸಾಕಂತೆ.

ಮಧ್ಯಾಹ್ನ ಮನೆಮಂದಿಯೆಲ್ಲ ಬ್ರಹ್ಮಾವರದ ಕಡೆ, ಹೆದ್ದಾರಿ ಪಕ್ಕದ ಪಾರ್ಕಿಗೆ ಹೊರಡುವವರಿದ್ದರು. ಜೈಂಟ್ ವ್ಹೀಲು, ಮಕ್ಕಳ ರೈಲು, ಸಿಮೆಂಟಿನ ಡೈನೋಸಾರು ಎಲ್ಲ ಇರುವ ಪಾರ್ಕು ಅದು. ಕೊರೋನಾದ ಎರಡನೇ ಅಲೆಗೆ ಮುಚ್ಚಿದ್ದು ಮೊನ್ನೆ ಮೊನ್ನೆ ತೆರೆದಿತ್ತು. ಮಾಸ್ಕ್ ಇಲ್ಲದವರನ್ನು ಗೇಟಿನಿಂದಲೇ ವಾಪಸು ಕಳಿಸುತ್ತಾರೆಂದು ಸುದ್ದಿ.

ಪಕ್ಕದ ಮನೆಯ ವನಜ ತುಂಬೆ ಹೂ ಕೊಡಲು ಬಂದವಳು ಅಂಗಳದಲ್ಲೇ ನಿಂತಳು.

“ಹ್ವಾಯ್ ಚಂದ್ರಕ್ಕ, ಇದೆಂತ, ಮದ್ವಿ ಮನಿಗ್ ಹೊರಟಾಂಗಿತ್ತಲೆ! ಮಾಸ್ಕಿಗೂ ಪಟ್ಟೆ ಸೀರಿಯಾ?”

“ಅಂಗಡಿ ಸೀರಿ ಅಲ್ಲ ಹೆಣೆ. ಅಮ್ಮನೋರಿಗ್ ಉಡ್ಸಿದ್ದ್. ದೇವಸ್ಥಾನ್ದಗೆ ಪ್ರಸಾದ ಅಂದೇಳಿ ಕೊಟ್ಟದ್ದ್.”

ವನಜಳ ನಗು ಅಲ್ಲಿಗೇ ನಿಂತಿತು. “ಅಯ್ಯಬ್ಯಾ! ದೇವ್ರ್ ಉಟ್ಟ ಸೀರಿ ಬಾಯಿಗ್ ಕಟ್ಕಂಬ್ದಾ? ಎಂಜಲ್ ಆತಿಲ್ಯಾ ಮಾರಾಯ್ರೆ?”

ಹೂವಿಟ್ಟು ಅವಳೇನೋ ಹೋದಳು. ಚಂದ್ರಮತಿಯಮ್ಮನ ಕೈ ಮಾತ್ರ ಮುಂದೆ ಹೋಗಲಿಲ್ಲ. ನೈವೇದ್ಯದ ಪಾಯಸಕ್ಕೆ ಬೆಲ್ಲ ಸಾಕೋ ಬೇಕೋ ಎಂದು ನಾಲಿಗೆಯ ತುದಿಗೂ ಮುಟ್ಟಿಸಿ ನೋಡದ ಹೆಂಗಸು ಅವರು. ದೇವರ ಕೋಣೆಗೆ ಹೋಗುವ ಮುಂಚೆ ಬಾಯಿ ಮುಕ್ಕಳಿಸದ ದಿನವಿಲ್ಲ. ಅಂಥವರಿಗೆ ಈ ಮಾತು ಹೊಳೆಯಲೇ ಇಲ್ಲವಲ್ಲ! ಉಸಿರು, ಎಂಜಲು, ಬೆವರು ಎಲ್ಲ ತಾಗುವ ಜಾಗಕ್ಕೆ ಅಮ್ಮನವರ ಸೀರೆಯನ್ನು ಕತ್ತರಿ ಹಾಕಿ ಕತ್ತರಿಸಿ ಕೊಟ್ಟೆನಲ್ಲ!

ಹೊಳೆಯದಿದ್ದಕ್ಕೆ ಕಾರಣವಿತ್ತು. ಹೊಲಿಯುವಾಗ ಅವರ ಮನಸ್ಸಿನ ತುಂಬ ಇದ್ದದ್ದು ಸೌಮ್ಯಳ ಉಸಿರು ಒಂದೇ.

ಬೇಸಿಗೆಯಲ್ಲಿ ಕೊರೋನಾ ಹಿಡಿದು ಸೌಮ್ಯ ಆಸ್ಪತ್ರೆಯಲ್ಲಿ ಮೂಗಿಗೂ ಬಾಯಿಗೂ ಆಮ್ಲಜನಕ ಕಟ್ಟಿಸಿಕೊಂಡು ಮಲಗಿದ್ದಳು. ಚಂದ್ರಮತಿಯಮ್ಮ ಊರಿನ ಅಮ್ಮನವರಿಗೆ ಸೀರೆಯ ಹರಕೆ ಹೊತ್ತರು. ಸೌಮ್ಯ ಮನೆಗೆ ಬಂದಳು. ಹರಕೆ ಒಪ್ಪಿಸಿದ ದಿನ ಭಟ್ಟರು ಗರ್ಭಗುಡಿಯಿಂದ ಈ ಕೆಂಪು ಸೀರೆ ತಂದು ಮಡಿಲಿಗೆ ಹಾಕಿದ್ದರು.

ಬಂದವಳು ಪೂರ್ತಿ ಬರಲಿಲ್ಲ. ಡಾಕ್ಟರು ಎಲ್ಲ ಸರಿಯಾಗಿದೆ ಎಂದರೂ ತನ್ನಿಂದ ಮಗುವಿಗೆ ಏನಾದರೂ ಅಂಟೀತೆಂಬ ಹೆದರಿಕೆ ಅವಳನ್ನು ಬಿಡಲಿಲ್ಲ. ಮಾಸ್ಕಿಲ್ಲದೆ ಅನಿಷಾಳ ಹತ್ತಿರ ಹೋಗಳು. ಅಂಗಡಿಯ ನೀಲಿ ಮಾಸ್ಕು ಹಾಕಿದರೆ ಆಸ್ಪತ್ರೆಯ ವಾಸನೆ ನೆನಪಾಗಿ ಉಸಿರು ಕಟ್ಟುತ್ತದೆ, ಕಿತ್ತು ಬಿಸಾಡುತ್ತಾಳೆ. ಹೀಗೆ ತಾಯಿ ಒಂದು ಕೋಣೆ, ಮಗಳು ಅಜ್ಜಿಯ ಹಾಸಿಗೆ. ಬಾಗಿಲಾಚೆ ನಿಂತು ಮಗು ಕನ್ನಡ ಪದ್ಯ ಹೇಳುತ್ತದೆ, ಒಳಗಿಂದ ತಾಯಿ ಚಪ್ಪಾಳೆ ತಟ್ಟುತ್ತಾಳೆ.

ಅದನ್ನು ನೋಡಲಾಗದೆ ಒಂದು ಸಂಜೆ ಚಂದ್ರಮತಿಯಮ್ಮ ಪೆಟ್ಟಿಗೆ ತೆರೆದಿದ್ದರು. ಸೀರೆಯ ಮಡಿಕೆಯಲ್ಲಿ ಕರ್ಪೂರ, ಗಂಧ, ಮಲ್ಲಿಗೆ ಎಲ್ಲ ಸೇರಿದ ಪರಿಮಳ. ಈ ಪರಿಮಳಕ್ಕೆ ಯಾರ ಉಸಿರಾದರೂ ಕಟ್ಟುತ್ತದೆಯೇ ಅನ್ನಿಸಿತ್ತು. ಅಷ್ಟೇ.

ಈಗ ಹೊಲಿದದ್ದನ್ನು ಬಿಚ್ಚುವ ಹಾಗಿಲ್ಲ. ‘ಅತ್ತೆ ಹೊಲ್ದದ್ದಾರೆ ಹಾಯ್ಕಂತೆ’ ಎಂದು ಸೌಮ್ಯ ಮೊದಲ ಬಾರಿಗೆ ಹೊರಗೆ ಬರಲು ಒಪ್ಪಿದ್ದಳು. ಚಂದ್ರಮತಿಯಮ್ಮ ದೇವರ ಮುಂದೆ ಹೋಗಿ ನಿಂತರು. ‘ಅಮ್ಮಾ, ತಪ್ಪಿದ್ರೆ ನನ್ನ ತಲೆ ಮೇಲಿರ್ಲಿ, ಅವ್ಳ್ ಉಸ್ರಿನ ಮೇಲೆ ಬ್ಯಾಡ. ಸಂಜಿ ಬಪ್ಪತಿಗೆ ಮೂರನ್ನೂ ಕಡಲಿಗ್ ಬಿಡ್ತೆ.’ ಮಗನಿಗೆ ಮಾತ್ರ, ಬರುವಾಗ ಕಡಲ ಬದಿಗೆ ಹೋಗುವ ಎಂದಷ್ಟೇ ಹೇಳಿದರು.

ಪಾರ್ಕಿನ ಗೇಟಿನಲ್ಲಿ ಜ್ವರ ನೋಡುವ ಯಂತ್ರ ಹಿಡಿದು ಕಿಟ್ಟ ಎಂಬ ಹುಡುಗ ನಿಂತಿದ್ದ.

“ಅಮ್ಮ, ಬಟ್ಟಿ ಮಾಸ್ಕ್ ಆತಿಲ್ಲೆ. ಮೂರ್ ಪದರ ಇರ್ಕ್. ಇಕಣಿ, ಹೊಸ್ತ್ ಇತ್ತ್,” ಎಂದು ನೀಲಿ ಮಾಸ್ಕು ಚಾಚಿದ. ಸೌಮ್ಯ ಕಾರಿನ ಕಡೆಗೆ ಹಿಂದೆ ಸರಿದಳು.

ಚಂದ್ರಮತಿಯಮ್ಮ ಅಡ್ಡ ಬಂದರು. “ಮೂರ್ ಪದರವೇ ಮಗಾ, ಮುಟ್ಟಿ ಕಾಣ್. ಒಳ್ಗೆ ನಮ್ಮನಿಯವ್ರ ಪಂಚಿ, ಹೊರ್ಗೆ ಅಮ್ಮನೋರ ಸೀರಿ.”

ಮುಟ್ಟಲು ಹೊರಟ ಕೈಯನ್ನು ಕಿಟ್ಟ ಹಾಗೆಯೇ ಕಣ್ಣಿಗೆ ಒತ್ತಿಕೊಂಡ. “ಅಮ್ಮನೋರ್ದಾ? ಅದಕ್ ನಾನ್ ಚೆಕ್ ಮಾಡುದಾ? ಹೋಯ್ನಿ, ಹೋಯ್ನಿ. ಆರೆ ಒಳ್ಗೆ ತೆಗುಕಾಗ ಅಕಾ. ಆ ಚಕ್ರದ ತೊಟ್ಲ್ ಹತ್ತಿ ಮೇಲೆ ಹೋರೂ ತೆಗುಕಾಗ. ತೆಗುದ್ರೆ ನಂಗ್ ಬೈಗುಳ.”

ಒಂದು ತೊಟ್ಟಿಲಿಗೆ ಒಂದೇ ಮನೆಯವರು ಎಂಬುದು ಜೈಂಟ್ ವ್ಹೀಲಿನ ಹೊಸ ನಿಯಮ. ರವಿರಾಜ ತಲೆ ತಿರುಗುತ್ತದೆಂದು ಕೆಳಗೇ ಉಳಿದ. ಐಸ್‌ಕ್ರೀಮು ಮುಗಿಸಿದ ಅನಿಷಾ ಮೆಟ್ಟಿಲ ಬಳಿ ಹಟ ಹಿಡಿದಳು.

“ಅಮ್ಮ ಬಂದ್ರೆ ಮಾತ್ರ ನಾನ್ ಬತ್ತೆ.”

“ಅಜ್ಜಿ ಇದ್ರಲೆ ಪುಟ್ಟಿ,” ಎಂದಳು ಸೌಮ್ಯ.

“ಅಜ್ಜಿ ದಿನಾ ಇರ್ತ್ರ್.”

ಸೌಮ್ಯ ಅತ್ತೆಯ ಮುಖ ನೋಡಿದಳು. ಚಂದ್ರಮತಿಯಮ್ಮ ಸರಿದು ದಾರಿ ಬಿಟ್ಟರು. ಸೌಮ್ಯ ಹತ್ತಿದಳು.

ಅಜ್ಜಿ ಮೊಮ್ಮಗಳು ಒಂದು ಕಡೆ. ಸೌಮ್ಯ ಎದುರಿನ ಮೂಲೆಯಲ್ಲಿ, ಮೊಣಕಾಲು ಕೂಡ ಮಗುವಿಗೆ ತಾಗದಂತೆ ಓರೆಯಾಗಿ. ತೊಟ್ಟಿಲು ಮೇಲೇರಿತು. ತೆಂಗಿನ ತಲೆಗಳು ಕೆಳಗಾದವು, ಪಶ್ಚಿಮದಲ್ಲಿ ಕಡಲು ಕಂಡಿತು. ತುತ್ತತುದಿಯಲ್ಲಿ ಚಕ್ರ ನಿಂತಿತು, ಕೆಳಗೆ ಜನ ಹತ್ತಿಸಲು. ತೊಟ್ಟಿಲು ಮಾತ್ರ ತೂಗುತ್ತಲೇ ಇತ್ತು.

ಅನಿಷಾಳ ಮುಖ ಬಿಳುಚಿಕೊಂಡಿತು. “ಅಜ್ಜೀ...” ಎನ್ನುತ್ತ ಮಾಸ್ಕು ಗಲ್ಲಕ್ಕೆ ಎಳೆದುಕೊಂಡಳು. ಬೆಳಗ್ಗೆ ತಿಂದ ಬನ್ಸು, ಆಗ ತಿಂದ ಐಸ್‌ಕ್ರೀಮು, ಎಲ್ಲ ಒಟ್ಟಿಗೆ ಹೊರಗೆ ಬಂತು. ಫ್ರಾಕಿನ ಮೇಲೆ, ಅಮ್ಮನವರ ಸೀರೆಯ ಪುಟ್ಟ ಮಾಸ್ಕಿನ ಮೇಲೆ. ವನಜಳ ಮಾತು ಚಂದ್ರಮತಿಯಮ್ಮನ ಎದೆಗೆ ಬಡಿಯಿತು. ಮಗುವನ್ನು ಬಿಟ್ಟು ಆ ಮಾಸ್ಕನ್ನೇ ನೋಡುತ್ತ ಕುಳಿತರು.

ಅಷ್ಟರಲ್ಲಿ ತೊಟ್ಟಿಲು ಜೋರಾಗಿ ಅಲುಗಿತು. ಸೌಮ್ಯ ಎದ್ದು ಬಂದು ಮಗುವನ್ನು ಎತ್ತಿ ಮಡಿಲಿಗೆ ಹಾಕಿಕೊಂಡಿದ್ದಳು. ಚೂಡಿದಾರದ ಶಾಲಿನಿಂದ ಬಾಯಿ ಒರೆಸಿದಳು, ಮೂಗು ಒರೆಸಿದಳು, ಶಾಲು ಮಗುಚಿ ಶುಭ್ರವಾದ ಕಡೆಯಿಂದ ಕುತ್ತಿಗೆ ಒರೆಸಿದಳು. ಆಮೇಲೆ ಆ ಅಂಚನ್ನು ಮುದ್ದೆ ಮಾಡಿ ತನ್ನ ಸೊಂಟದ ಬದಿಗೇ ಸೇರಿಸಿಕೊಂಡಳು.

“ಹ್ವಾಯ್, ಮೇಲ್ಗಡೆ! ಮಾಸ್ಕ್! ಮಗಿಗ್ ಮಾಸ್ಕ್ ಹಾಕಿ!” ಗೇಟು ಬಿಟ್ಟು ಚಕ್ರದ ಬುಡಕ್ಕೆ ಬಂದಿದ್ದ ಕಿಟ್ಟನ ಕೂಗು.

ದೇವಸ್ಥಾನದಲ್ಲಿ ಜಯಕಾರಕ್ಕೂ ದನಿ ಎತ್ತದ ಚಂದ್ರಮತಿಯಮ್ಮ ತೊಟ್ಟಿಲಿನಿಂದ ಬಗ್ಗಿ ಕೂಗಿದರು. “ನಿನ್ ತೊಟ್ಲ್ ಮೊದ್ಲ್ ಕೆಳ್ಗೆ ಇಳ್ಸ್ ಮಾರಾಯಾ! ಮಗು ಕಾರ್ತಿತ್ತ್ ಇಲ್ಲಿ!”

ಹಿಂದಿನ ತೊಟ್ಟಿಲಲ್ಲಿ ಯಾರೋ ನಕ್ಕರು.

ಅನಿಷಾ ತಾಯಿಯ ಕುತ್ತಿಗೆಗೆ ಮುಖ ಒತ್ತಿ ಬಿಕ್ಕುತ್ತಿದ್ದಳು. ಸೌಮ್ಯಳ ಮೂಗಿನ ಮೇಲೆ ಕೆಂಪು ಬಟ್ಟೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಈಗ ಕೀಳುತ್ತಾಳೆ, ಈಗ ಕೀಳುತ್ತಾಳೆ ಎಂದು ಚಂದ್ರಮತಿಯಮ್ಮ ಕಾದರು.

“ಉಸ್ರ್ ಕಟ್ಟುತ್ತಾ ಹೆಣೆ?”

“ಇಲ್ಲೆ ಅತ್ತೆ,” ಎಂದಳು ಸೌಮ್ಯ. ಮಗಳ ನೆತ್ತಿಗೆ ಮೂಗು ತಾಗಿಸಿ, “ಕರ್ಪೂರದ ಪರಿಮಳ ಬತ್ತಿತ್ತ್. ಇವ್ಳ್ ತಲಿದ್ ಎಣ್ಣಿ ಪರಿಮಳವೂ,” ಎಂದು ಕಣ್ಣು ಮುಚ್ಚಿಕೊಂಡಳು.

ಚಕ್ರ ಮೆಲ್ಲಗೆ ಇಳಿಯತೊಡಗಿತು. ಚಂದ್ರಮತಿಯಮ್ಮ ಸೊಸೆಯ ಸೊಂಟದ ಬದಿಯ ಶಾಲಿನ ಅಂಚನ್ನೇ ನೋಡುತ್ತಿದ್ದರು. ರವಿರಾಜ ಸಣ್ಣವನಿದ್ದಾಗ ತನ್ನ ಸೆರಗೂ ಹೀಗೇ ಇರುತ್ತಿತ್ತಲ್ಲ. ಗಂಜಿ, ಸಿಂಬಳ, ಕಣ್ಣೀರು ಯಾವುದಕ್ಕೂ ಬೇರೆ ಬಟ್ಟೆ ಹುಡುಕಿದ್ದಿಲ್ಲ. ತುದಿಯನ್ನಷ್ಟು ಹಿಂಡಿ ಮುಂದಿನ ಕೆಲಸಕ್ಕೆ ಹೋದದ್ದು. ಒಂದು ದಿನವಾದರೂ ಅದನ್ನು ಎಂಜಲು ಅಂದಿದ್ದೆನೇ? ಊರಿಗೆಲ್ಲ ತಾಯಿಯಾದವಳು ಅನ್ನುತ್ತಾಳೆಯೇ?

ಮರಳುವಾಗ ಬೀಜಾಡಿಯ ತಿರುವಿನಲ್ಲಿ ರವಿರಾಜ ಕೇಳಿದ, “ಅಮ್ಮ, ಕಡಲ ಬದಿಗ್ ಹೋಪ ಅಂದಿದ್ರಿಯಲೆ?”

“ಬ್ಯಾಡ ಮಗಾ. ಸೀದಾ ಮನಿಗ್ ಹೋಪ.”

ಮನೆಯಲ್ಲಿ ಅವರು ಪುಟ್ಟ ಮಾಸ್ಕನ್ನು ಸೋಪು ಹಾಕಿ ತೊಳೆದು ಹಗ್ಗಕ್ಕೆ ಹಾಕುವಾಗ ಬೇಲಿಯಾಚೆ ವನಜಳ ತಲೆ ಕಂಡಿತು.

“ಎಂತ ಚಂದ್ರಕ್ಕ, ಎಂಜಲ್ ಆಯ್ತಾ?”

“ಆಯ್ತ್ ಹೆಣೆ. ಲಾಯ್ಕಲ್ ಆಯ್ತ್.”

ವನಜಳ ತಲೆ ಬೇಲಿಯ ಹಿಂದಕ್ಕೆ ಇಳಿಯಿತು.

ದೀಪ ಹಚ್ಚಿ ಕೈ ಮುಗಿದಾಗ ಕೇಳಿಕೊಳ್ಳಲು ಏನೂ ಉಳಿದಿರಲಿಲ್ಲ. ಆ ಹೊತ್ತಿಗೆ ಅಜ್ಜಿಯ ಹಾಸಿಗೆಗೆ ಬಂದು ಕತೆ ಕೇಳುವ ಅನಿಷಾ ಬರಲಿಲ್ಲ. ಸೌಮ್ಯಳ ಕೋಣೆಯ ಬಾಗಿಲು ತೆರೆದಿತ್ತು. ಕೆಂಪು ಮಾಸ್ಕು ಕಟ್ಟಿಕೊಂಡೇ ಅವಳು ಮಗಳಿಗೆ ಗಂಜಿ ಉಣ್ಣಿಸುತ್ತಿದ್ದಳು. ಚಂದ್ರಮತಿಯಮ್ಮ ಮೊಮ್ಮಗಳ ತಲೆದಿಂಬನ್ನು ತಂದು ಸೌಮ್ಯಳ ಮಂಚದ ಮೇಲಿಟ್ಟು ಹಿಂದಿರುಗಿದರು. ತನ್ನ ಹಾಸಿಗೆ ಒಮ್ಮೆಲೇ ಅಗಲವಾಗಿ ಕಂಡಿತು. ಅದರ ಮೇಲೆ ಸೀರೆಯ ಉಳಿದ ಭಾಗವನ್ನು ಹರಡಿ, ಕನ್ನಡಕ ಹುಡುಕಿ, ಕತ್ತರಿ ತೆಗೆದುಕೊಂಡರು. ತೊಳೆದದ್ದರ ಪರಿಮಳ ಹೋಗಿತ್ತು. ಸೌಮ್ಯಳದ್ದನ್ನೂ ತೊಳೆಯಬೇಕು, ನಾಳೆಗೆ ಬೇರೆ ಬೇಕಲ್ಲ.