ತಳ್ಳಿದೆಯಾ, ತಬ್ಬಿದೆಯಾ

"ಕನ್ನಡಕ ತೆಗೀಲಾ ಅಕ್ಕ, ಇರ್ಲಾ?"

ಪೆಟ್ಟಿಗೆಯ ಮುಚ್ಚಳವನ್ನು ಎದೆಗೆ ಆನಿಸಿಕೊಂಡು ಬಲೆಯವನು ಕೇಳಿದ. ಪ್ರಯೋಗಾಲಯಕ್ಕೆ ಹಕ್ಕಿ ಹಿಡಿದು ಕೊಡುವುದು ಅವನ ಕೆಲಸ. ಇವತ್ತು ಮಾತ್ರ ಹೊರುವುದು, ಇಳಿಸುವುದು, ಬಂದವರಿಗೆ ಕುರ್ಚಿ ಹಾಕುವುದು ಎಲ್ಲ ಅವನದೇ. ಸತ್ತವನ ತಲೆಯ ಬಲಭಾಗಕ್ಕೆ ಬಿಳಿ ಬಟ್ಟೆ ಸುತ್ತಿದ್ದರು. ಕನ್ನಡಕದ ಒಂದು ಗಾಜು ಸೀಳಿತ್ತು.

"ಇರ್ಲಿ ಬಿಡು," ಎಂದಳು ಹೆಂಡತಿ. "ಹಾಕಿದ್ರೂ ಒಂದೇ, ತೆಗೆದ್ರೂ ಒಂದೇ. ಆರು ವರ್ಷದಿಂದ ಅದರಲ್ಲಿ ಏನು ಕಾಣ್ತಿತ್ತು ಅವರಿಗೆ?"

ಎರಡು ದಿನ ನಿದ್ದೆಯಿಲ್ಲದ ಬಾಯಿಂದ ಮಾತು ಜಾರಿತ್ತು. ಆಡಿದ ಮೇಲೆ ಅವಳಿಗೇ ಕೇಳಿಸಿತು.

ಅಲ್ಲಿಯವರೆಗೆ ಆ ಕೋಣೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಇನ್ನೂ ಬೆಳಕಿದ್ದ ಸಂಜೆ, ನೇರ ರಸ್ತೆ, ಎದುರಿಗೆ ಬಂದ ಹಾಲಿನ ವ್ಯಾನು ಹದ್ದಣ್ಣನಿಗೆ ಹೇಗೆ ಕಾಣಲಿಲ್ಲ? ಇಪ್ಪತ್ತೆಂಟು ವರ್ಷ ಹಕ್ಕಿಗಳ ರಕ್ತ ನೋಡಿದವನು. ಗಾಜಿನ ಮೇಲೆ ಸವರಿದ ಒಂದು ಹನಿಯಲ್ಲಿ, ಹತ್ತು ಸಾವಿರ ಕಣಗಳ ನಡುವೆ, ರೋಗ ಹೊಕ್ಕ ಒಂದೇ ಒಂದು ಕಣವನ್ನು ಹೆಕ್ಕಿ ತೆಗೆಯುತ್ತಿದ್ದವನು. ಅದಕ್ಕೇ ಆ ಹೆಸರು.

"ಏನಂದ್ರಿ ಅತ್ತಿಗೆ?" ನಾದಿನಿ ಎದ್ದು ನಿಂತಳು. "ನಮ್ಮಣ್ಣ ಕುರುಡ ಅಂತಲಾ?"

ನಾದಿನಿ ಕೂತಿದ್ದವರ ಕಡೆ ತಿರುಗಿದಳು.

"ನೋಡಿ, ಒಡಹುಟ್ಟಿದವಳಿಗೂ ಹೇಳ್ಲಿಲ್ಲ. ಗೊತ್ತಿದ್ದೂ ಒಬ್ಬನನ್ನೇ ರಸ್ತೆಗೆ ಬಿಟ್ಟಿದ್ದಾರೆ."

"ಸುಮ್ನಿರಮ್ಮ," ಎಂದ ಬಲೆಯವನು. "ಪೆಟ್ಟಿಗೆ ಇನ್ನೂ ಮುಚ್ಚಿಲ್ಲ. ಅಣ್ಣನ ಕಣ್ಣು ಹೇಗಿತ್ತೋ ಏನೋ, ಕಿವಿ ಚೆನ್ನಾಗಿತ್ತು."

ಬಂದವರಲ್ಲಿ ಇಬ್ಬರು ನಕ್ಕರು, ನಕ್ಕದ್ದು ಮುಚ್ಚಲು ಕೆಮ್ಮಿದರು. ಬಾಗಿಲ ಬಳಿ ಹೂಗುಚ್ಛ ಹಿಡಿದು ನಿಂತಿದ್ದ ಪ್ರೊಫೆಸರ್ ಮಾತ್ರ ನಗಲಿಲ್ಲ. ಪ್ರಯೋಗಾಲಯ ಅವರದು. ಹೂಗುಚ್ಛವನ್ನು ಸಿಕ್ಕ ಕುರ್ಚಿಯ ಮೇಲಿಟ್ಟು, "ಒಂದು ನಿಮಿಷ ಒಳಗೆ ಬಾಮ್ಮ," ಎಂದರು, ಮನೆಯೂ ತಮ್ಮದೇ ಎಂಬಂತೆ.

ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಪ್ರೊಫೆಸರ್ ಬೆನ್ನಿನಿಂದ ಬಾಗಿಲು ಒತ್ತಿ ಮುಚ್ಚಿದರು.

"ಆರು ವರ್ಷ ಅಂದೆ."

"ಹೂಂ ಸಾರ್."

"ಮೈಕ್ರೋಸ್ಕೋಪಿನಲ್ಲಿ?"

"ಏನೂ ಕಾಣ್ತಿರ್ಲಿಲ್ಲ. ನೋಡಿದ ಕಡೆ ಕಪ್ಪು ಮಚ್ಚೆ, ಸುತ್ತ ಮಾತ್ರ ಬೆಳಕು. ಆ ಅಂಚಿನಲ್ಲೇ ನೋಡ್ಕೊಂಡು ಓಡಾಡ್ತಿದ್ರು."

"ಮತ್ತೆ ಆ ಎಣಿಕೆ? ನಾಲ್ಕು ಸಾವಿರ ಸ್ಲೈಡು! ಬಾಯಿಗೆ ಬಂದದ್ದು ಬರೆದನಾ?"

"ಇಲ್ಲ ಸಾರ್. ನಾನು ನೋಡ್ತಿದ್ದೆ."

ಪ್ರೊಫೆಸರ್ ಅವಳ ಕೈಗಳನ್ನು ನೋಡಿದರು. ಪ್ರಯೋಗಾಲಯದ ಸೀಸೆ, ತಟ್ಟೆ ತೊಳೆಯುವ ಕೈಗಳು. ವಾಷಿಂಗ್ ಸೋಡಾ ತಿಂದು ತಿಂದು ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು.

*

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಗಂಡನ ಕೋಣೆಗೆ ಹೋದಾಗ ಅವನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದ. ಎಡಗೈ ಎಣಿಕೆಯ ಯಂತ್ರದ ಮೇಲಿತ್ತು. ಒಂದು ಸಲ ಒತ್ತಿದರೆ ಒಂದು ಟಕ್. ಬಹಳ ಹೊತ್ತು ಅದು ಟಕ್ ಎನ್ನಲೇ ಇಲ್ಲ. ಅವಳು ಭುಜ ಮುಟ್ಟಿದಾಗ, "ದೀಪ ಹತ್ತಿದೆಯಾ ನೋಡು," ಎಂದ.

ದೀಪ ಹತ್ತಿತ್ತು.

ಪ್ರೊಫೆಸರಿಗೆ ಹೇಳೋಣ ಎಂದಳು. "ಹೇಳಿದ್ರೆ ನಾಳೆಯಿಂದ ಮನೇಲಿ ಗೋಡೆ ನೋಡ್ಕೊಂಡು ಕೂತಿರ್ಬೇಕು," ಎಂದ. "ಗೋಡೆಯೂ ಪೂರ್ತಿ ಕಾಣಲ್ಲ." ಆಮೇಲೆ ಅವನು ಎದ್ದು ತನ್ನ ಸ್ಟೂಲು ಬಿಟ್ಟುಕೊಟ್ಟ. ಇಪ್ಪತ್ತೆರಡು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಬೇರೆಯವರು ಕೂತದ್ದು ಅದೇ ಮೊದಲು.

"ಏನು ಕಾಣುತ್ತೆ ಹೇಳು."

"ಅಕ್ಕಿ ಚೆಲ್ಲಿದ ಹಾಗಿದೆ. ಒಂದೊಂದು ಕಾಳಿನ ನಡುವೆ ಒಂದೊಂದು ಬೀಜ."

"ಅದೇ ಹಕ್ಕಿ ರಕ್ತ. ನಮ್ಮ ರಕ್ತದ ಕಾಳಿಗೆ ಬೀಜ ಇರಲ್ಲ. ಈಗ ಬೀಜದ ಪಕ್ಕ ಇನ್ನೇನಾದ್ರೂ ಸೇರ್ಕೊಂಡಿರೋ ಕಾಳು ಹುಡುಕು."

ಹುಡುಕಲು ಅರ್ಧ ಗಂಟೆ ಹಿಡಿಯಿತು. "ಇದೆ ಒಂದು," ಎಂದಳು.

"ಬೀಜವನ್ನ ತಳ್ಳಿದೆಯಾ, ತಬ್ಬಿದೆಯಾ?"

"ಹಾಗಂದ್ರೆ?"

"ಬೀಜವನ್ನ ಮೂಲೆಗೆ ತಳ್ಳಿ ತಾನು ಜಾಗ ಮಾಡ್ಕೊಂಡಿದ್ರೆ ಅದು ಸೊಳ್ಳೆ ತಂದ ರೋಗ. ಲಾಳದ ಹಾಗೆ ಬಾಗಿ ತಬ್ಕೊಂಡಿದ್ರೆ ನೊಣ ತಂದದ್ದು. ಪ್ರೊಫೆಸರಿಗೆ ಬೇಕಾದದ್ದು ತಳ್ಳಿದ್ದು."

ಅವಳು ಮತ್ತೆ ಕಣ್ಣಿಟ್ಟಳು. "ತಳ್ಳಿದೆ. ಒಂದು ಮೂಲೆಗೆ ಒತ್ತಿಬಿಟ್ಟಿದೆ, ಪಾಪ."

"ಪಾಪ ಅಂತ ಬರೆಯೋಕೆ ಕಾಲಂ ಇಲ್ಲ. ಒಂದು ಒತ್ತು."

ಟಕ್.

ಆಮೇಲೆ ಪ್ರತಿದಿನ ಊಟದ ಹೊತ್ತು ಒಂದು ಸ್ಲೈಡು, ಎಲ್ಲರೂ ಹೋದ ಮೇಲೆ ಒಂದೋ ಎರಡೋ. ಗಂಡ ಹೆಂಡಿರು ಈ ವಯಸ್ಸಿನಲ್ಲೂ ಕದ ಹಾಕಿಕೊಂಡು ಊಟ ಮಾಡುತ್ತಾರೆ ಎಂದು ಬಲೆಯವನು ಊರೆಲ್ಲ ಹೇಳಿಕೊಂಡು ನಗುತ್ತಿದ್ದ. ಒಳಗೆ ಅವಳು ಹೇಳುತ್ತಿದ್ದಳು, ಅವನು ಪುಸ್ತಕದ ಮೇಲೆ ಸ್ಕೇಲು ಒತ್ತಿ ಹಿಡಿದು ಅಂದಾಜಿನಲ್ಲಿ ಅಂಕಿ ಬರೆಯುತ್ತಿದ್ದ. ಹತ್ತಕ್ಕೊಂದು ಸ್ಲೈಡನ್ನು ವಾರ ಬಿಟ್ಟು, ಸಂಖ್ಯೆಗೆ ಕಾಗದ ಅಂಟಿಸಿ, ಹೇಳದೆ ಮತ್ತೆ ಕೊಡುತ್ತಿದ್ದ. ಎಣಿಕೆ ತಾಳೆಯಾಗದ ದಿನ ಅವನು ಊಟ ಮುಟ್ಟುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಎರಡನೆಯ ವರ್ಷದಿಂದ ಅಂಥ ದಿನ ಬರಲಿಲ್ಲ.

ಸಂಜೆ ಮನೆಗೆ ನಡೆಯುವಾಗ ಅವಳು ಅವನ ಎಡಕ್ಕೆ, ಅರ್ಧ ಹೆಜ್ಜೆ ಮುಂದೆ ಇರುತ್ತಿದ್ದಳು. ಮೊನ್ನೆ ಮಾತ್ರ ಪ್ರೊಫೆಸರ್ ಅವಳನ್ನು ಪ್ರಯೋಗಾಲಯದಲ್ಲೇ ನಿಲ್ಲಿಸಿಕೊಂಡಿದ್ದರು, ಅವನು ಒಬ್ಬನೇ ಹೊರಟಿದ್ದ. ಪರಿಶೀಲನೆಗೆ ಹೊರಗಿನವರು ಬರುತ್ತಾರೆ, ಸೀಸೆಗಳೆಲ್ಲ ಫಳಫಳ ಹೊಳೆಯಬೇಕು ಎಂದಿದ್ದರು.

*

"ಎಷ್ಟನೇ ಕ್ಲಾಸು ಓದಿದೀಯ?"

"ಏಳು ಸಾರ್."

ಪ್ರೊಫೆಸರ್ ಕಣ್ಣು ಮುಚ್ಚಿಕೊಂಡರು. ಕೆರೆಯಂಚಿನ ಹಕ್ಕಿಗಳಲ್ಲಿ ಸೊಳ್ಳೆ ತರುವ ರೋಗ ವರ್ಷದಿಂದ ವರ್ಷಕ್ಕೆ ಬೇಗ ಶುರುವಾಗುತ್ತಿದೆ ಎಂದು ಅವರು ಜಗತ್ತಿಗೆಲ್ಲ ಹೇಳಿದ್ದು ಆ ನಾಲ್ಕು ಸಾವಿರ ಸ್ಲೈಡುಗಳ ಬಲದ ಮೇಲೆ. ನಾಳೆ ಹತ್ತು ಗಂಟೆಗೆ ಮೂವರು ಬಂದು, ಕಪಾಟಿನಿಂದ ತಮಗೆ ಬೇಕಾದ ಸ್ಲೈಡು ತೆಗೆದು ಮತ್ತೆ ಓದುವವರಿದ್ದರು.

"ಓದಲಿ ಬಿಡಿ ಸಾರ್," ಎಂದಳು. "ಒಂದೂ ತಪ್ಪಿರಲ್ಲ. ಬೇಕಾದ್ರೆ ಈಗ್ಲೇ ಬರ್ತೀನಿ. ಯಾವುದಾದ್ರೂ ಸ್ಲೈಡು ಹಾಕಿ, ಹೇಳ್ತೀನಿ." ಗಂಡ ಹೊರಗೆ ಪೆಟ್ಟಿಗೆಯಲ್ಲಿದ್ದಾನೆ ಎಂಬುದು ಆ ಕ್ಷಣಕ್ಕೆ ಮರೆತೇಹೋಗಿತ್ತು. "ಮುಂದೆಯೂ ನಾನೇ ನೋಡ್ತೀನಿ ಸಾರ್. ಆ ಸ್ಟೂಲು ನನಗೆ ಬಿಡಿ. ತೊಳೆಯೋ ಕೆಲಸವನ್ನೂ ಬಿಡಲ್ಲ."

"ನಿನ್ನ ಎಣಿಕೆ ಸರಿಯಿದ್ರೆ ನನಗೆ ಹೊಸದಾಗಿ ಬರೋದು ಏನೂ ಇಲ್ಲಮ್ಮ. ತಪ್ಪಿದ್ರೆ ಮುಳುಗ್ತೀನಿ. ಅಂಥ ಪರೀಕ್ಷೆನ ಯಾರಾದ್ರೂ ಮಾಡಿಸ್ತಾರಾ?" ಅವರ ಧ್ವನಿ ಮೃದುವಾಗಿತ್ತು, ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ. "ಹಿಂದೆ ನಮ್ಮಲ್ಲಿ ಓದಿ ಮುಗಿದ ಸ್ಲೈಡು ತೊಳೆದು ಮತ್ತೆ ಬಳಸ್ತಿದ್ವಿ. ನಿನಗೇ ಗೊತ್ತಲ್ಲ. ಇವೂ ಹಾಗೇ ಆದವು ಅಂತ ನಾಳೆ ಹೇಳ್ತೀನಿ. ಇವತ್ತು ಸಂಜೆಯೊಳಗೆ ಅದು ನಿಜ ಆಗಿರ್ಬೇಕು."

"ಬೇಡ ಸಾರ್."

"ಸರಿ. ಹಾಗಾದ್ರೆ ಈಗ್ಲೇ ಹೊರಗೆ ಹೋಗಿ ಎಲ್ಲರ ಮುಂದೆ ಹೇಳಿಬಿಡೋಣ. ಹದ್ದಣ್ಣ ಆರು ವರ್ಷ ಕಣ್ಣಿಲ್ಲದೆ ಕೂತು ಸಂಬಳ ತಿಂದ. ಹೆಂಡತಿ ಕೈಲಿ ಕೆಲಸ ಮಾಡಿಸಿ ತಾನು ಸಹಿ ಹಾಕಿದ. ಹೇಳ್ಲಾ? ಆಮೇಲೆ ಪೆಟ್ಟಿಗೆಗೆ ಹೆಗಲು ಕೊಡೋಕೆ ಎಷ್ಟು ಜನ ಉಳೀತಾರೆ ನೋಡು."

ಬಾಗಿಲಾಚೆ ನಾದಿನಿ ಯಾರಿಗೋ ಅಣ್ಣನ ಬಾಲ್ಯದ ಕತೆ ಹೇಳುತ್ತಿದ್ದಳು. ಮುಳುಗಿದ ಸೂಜಿಯನ್ನು ಬಾವಿಯ ಕಟ್ಟೆ ಮೇಲಿಂದಲೇ ಕಂಡವನಂತೆ. ಕೇಳುವವರು ಹೂಂಗುಟ್ಟುತ್ತಿದ್ದರು.

ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಬೇರೆ ಯಾರ ಕೈಗೂ ಕೊಡ್ಬೇಡಿ ಸಾರ್," ಎಂದಳು. "ನಾನೇ ತೊಳೀತೀನಿ."

ಹೊರಗೆ ಬಂದು ಪ್ರೊಫೆಸರ್ ಎಲ್ಲರಿಗೂ ಕೇಳುವಂತೆ ಹೇಳಿದರು. "ಪಾಪ, ದುಃಖದಲ್ಲಿ ಏನೇನೋ ಬರುತ್ತೆ ಬಾಯಿಗೆ. ಕನ್ನಡಕದ ನಂಬರು ಸ್ವಲ್ಪ ಬದಲಾಗಿತ್ತು, ಅಷ್ಟೆ."

"ನಂಗೊತ್ತಿತ್ತು," ಎಂದಳು ನಾದಿನಿ, ಅತ್ತಿಗೆಯ ಮುಖಕ್ಕೇ. "ಸತ್ತವರ ಮೇಲೆ ಹೀಗೆಲ್ಲ ಹೇಳ್ಬಾರದು."

ಬಲೆಯವನು ಮುಚ್ಚಳ ಹಾಕಿದ. ಮುಂದಿನ ಹೆಗಲು ಪ್ರೊಫೆಸರೇ ಕೊಟ್ಟರು. ಮಣ್ಣು ಮುಚ್ಚುವಾಗ ಬಲೆಯವನು, "ಇವತ್ತು ಹಕ್ಕಿಗಳಿಗೆಲ್ಲ ರಜೆ ಅಣ್ಣ," ಎಂದು ಒಂದು ಹಿಡಿ ಹಾಕಿ ಮುಖ ತಿರುಗಿಸಿಕೊಂಡ. ಹೆಂಡತಿ ಹಾಕುವ ಸರದಿ ಬಂದಾಗ ಪ್ರೊಫೆಸರ್ ಕೈಗಡಿಯಾರ ನೋಡಿಕೊಂಡರು. ಅವಳಿಗೆ ಅದು ಕಂಡಿತು. ಅವಳ ಕಣ್ಣಿಗೆ ಈಗ ಎಲ್ಲ ಕಾಣುತ್ತಿತ್ತು.

*

ಸಂತಾಪ ಸಭೆ ನಾಲ್ಕು ಗಂಟೆಗೆ, ಪ್ರಯೋಗಾಲಯದ ವಾಚನಾಲಯದಲ್ಲಿ. ಅದರ ಪಕ್ಕದ ಗೋಡೆಯಾಚೆ ತೊಳೆಯುವ ಕೋಣೆ. ಅವಳಿಗೆ ತಲೆ ಸುತ್ತು, ಬರುವುದಿಲ್ಲ ಎಂದು ಪ್ರೊಫೆಸರ್ ಎಲ್ಲರಿಗೂ ಹೇಳಿದ್ದರು. ಮನೆಯವರಿಗೆಂದು ಇಟ್ಟ ಮುಂದಿನ ಕುರ್ಚಿಯಲ್ಲಿ ನಾದಿನಿ ಕೂತಿದ್ದಳು.

ಬಿಸಿನೀರಿಗೆ ಸೋಡಾ ಬೆರೆಸಿ ಟ್ರೇಗಟ್ಟಲೆ ಸ್ಲೈಡು ನೆನೆಹಾಕಿದ್ದಳು. ನೆನೆದ ಮೇಲೆ ಒಂದೊಂದನ್ನೇ ಎತ್ತಿ ಹೆಬ್ಬೆರಳಿನಿಂದ ಉಜ್ಜಬೇಕು. ಬರಿಗಣ್ಣಿಗೆ ಅದರಲ್ಲಿ ಏನೂ ಇಲ್ಲ, ಕಣ ಕಾಣಲೆಂದು ಹಾಕಿದ ಬಣ್ಣದ, ನಾಲಗೆಯಾಕಾರದ ಒಂದು ನೇರಳೆ ಕಲೆ ಅಷ್ಟೆ. ಆದರೆ ಅಂಚಿನ ಸಂಖ್ಯೆ ಕಂಡರೆ ಎಣಿಕೆ ನೆನಪಾಗುತ್ತಿತ್ತು. ಹದಿನೇಳು ತಳ್ಳಿದ್ದು, ಮೂರು ತಬ್ಬಿದ್ದು. ಸೊನ್ನೆ, ಸೊನ್ನೆ. ನಲವತ್ತೆರಡು ತಳ್ಳಿದ್ದು. ಆ ಹಕ್ಕಿ ಬದುಕಿರಲಾರದು ಎಂದು ಅವನು ಅವತ್ತು ಹೇಳಿದ್ದ. ಸ್ವಲ್ಪ ಹೊತ್ತಿಗೆ ಅವಳು ಸಂಖ್ಯೆ ಓದುವುದನ್ನು ಬಿಟ್ಟಳು.

ಗೋಡೆಯಾಚೆಯಿಂದ ಪ್ರೊಫೆಸರರ ಧ್ವನಿ ಕೇಳಿಬಂತು. "...ಅಂಥ ಕಣ್ಣು ಮತ್ತೆ ಹುಟ್ಟೋದಿಲ್ಲ. ಈ ಆರು ವರ್ಷದ ಕೆಲಸವಂತೂ..." ಚಪ್ಪಾಳೆ ಬಿತ್ತು, ಇದು ಚಪ್ಪಾಳೆಯ ಜಾಗವಲ್ಲ ಎಂದು ತಿಳಿದು ನಿಂತಿತು. ಕುರ್ಚಿಗಳು ಸರಿದವು.

ಬಲೆಯವನು ಬಾಗಿಲಲ್ಲಿ ಬಂದು ನಿಂತ.

"ಅಕ್ಕ, ನಲ್ಲಿ ನಿಲ್ಲಿಸ್ಬೇಕಂತೆ. ಒಂದು ನಿಮಿಷ ಮೌನ. ನೀರಿನ ಸದ್ದು ಅಲ್ಲಿಗೆ ಕೇಳ್ತಿದೆ, ಯಾರದು ಆ ಗಲಾಟೆ ಅಂತ ಕೇಳಿದ್ರು." ಆಮೇಲೆ ಅವನು ಟ್ರೇ ನೋಡಿದ. ನಸುಕಿಗೆ ಮುಂಚೆ ಎದ್ದು, ಸೊಂಟದವರೆಗೆ ಕೆಸರಿನಲ್ಲಿ ನಿಂತು, ಬಲೆಯಿಂದ ಬಿಡಿಸಿ ರೆಕ್ಕೆಯಡಿ ಸೂಜಿ ಚುಚ್ಚಿದ ಒಂದೊಂದು ಹಕ್ಕಿಯ ಸಂಖ್ಯೆಯೂ ಅವನ ಕೈಬರಹದಲ್ಲಿತ್ತು. "ಇವು... ಅಕ್ಕ, ಇವು ನಮ್ಮ..."

"ಹೂಂ."

"ಯಾಕೆ?"

"ಹೋಗು. ನಿನ್ನನ್ನೂ ಹುಡುಕ್ತಾರೆ."

ಅವನು ಹೋಗಲಿಲ್ಲ. ಅವಳು ನಲ್ಲಿ ತಿರುಗಿಸಿ ನಿಲ್ಲಿಸಿದಳು. ಗೋಡೆಯಾಚೆ ಮೌನ ಶುರುವಾಯಿತು. ಸಿಂಕಿನ ತುಂಬ ಆರು ವರ್ಷದ ಬಣ್ಣ ಬಿಟ್ಟುಕೊಂಡ ನೇರಳೆ ನೀರು ನಿಂತಿತ್ತು. ಅವಳು ಕೈಗಳನ್ನು ಮೈಯಿಂದ ದೂರ ಹಿಡಿದು ನೆಟ್ಟಗೆ ನಿಂತಳು. ಬೆರಳುಗಳಿಂದ ನೇರಳೆ ಹನಿಗಳು ಸದ್ದಿಲ್ಲದೆ ಪಾದದ ಮೇಲೆ ಬಿದ್ದವು.

ಇನ್ನೂ ಅರ್ಧ ನಿಮಿಷ ಉಳಿದಿರುವಾಗ ಸಿಂಕಿನ ತೂತಿಗೆ ಅಡ್ಡವಾಗಿದ್ದುದೇನೋ ಸರಿಯಿತು. ನೀರು ಸುಳಿಯಾಗಿ ತಿರುಗಿ ಒಳಗಿಳಿಯತೊಡಗಿತು. ಕೊಳವೆ ಗೊಟಕ್ ಎಂದಿತು, ತಡೆದು ಮತ್ತೊಮ್ಮೆ ಗೊಟಕ್ ಎಂದಿತು. ಆಚೆ ಯಾರೋ ಗಂಟಲು ಸರಿಪಡಿಸಿಕೊಂಡರು. ಕೊನೆಯ ಗುಟುಕನ್ನು ಅದು ಗೋಡೆಯ ಒಳಗಿಂದ, ಎಲ್ಲರಿಗೂ ಕೇಳುವಂತೆ, ಉದ್ದಕ್ಕೆ ಎಳೆದು ನುಂಗಿತು.