ಗೋಡೆಯ ಪಕ್ಕದ ಜಾಗ

—ಮತ್ತೆ ಆ ನೀಲಿ, ಪರದೆಯ ನೆತ್ತಿಯಿಂದ ಇಳಿದು ಬರುವ ಚೌಕಗಳ ಅಂಚಿನಲ್ಲಿ ಗಾಜಿನ ಬಳೆಯ ಹೊಳಪು, ಹಳೆಯ ಕಂಪ್ಯೂಟರು ಬಿಸಿಯೇರಿದಾಗಿನ ಧೂಳಿನ ವಾಸನೆಯೂ ಅದೇ, ಬದಲಾದದ್ದು ಊರು, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇಬ್ಬರೂ ಸೇರಿ ನಡೆಸಿದ ಟೈಪಿಂಗ್ ಶಾಲೆ ಮುಚ್ಚಿ ಈಗ ಭದ್ರಾವತಿಯ ಬಾಡಿಗೆ ಮನೆ, ಬದಲಾದದ್ದು ಹೆಂಡತಿ ಭವಾನಿಯ ಬಲಗೈ, ಲಕ್ವ ಹೊಡೆದ ಮೇಲೆ ಮಡಿಲಲ್ಲಿ ಯಾರೋ ಮರೆತು ಹೋದ ವಸ್ತುವಿನಂತೆ ಕೂತಿದ್ದ ಅದನ್ನು ತ್ರಿವಿಕ್ರಮರು ಮೆಲ್ಲನೆ ಎತ್ತಿ ಕೀಬೋರ್ಡಿನ ಮೇಲಿಟ್ಟಿದ್ದಾರೆ, ಬೆರಳಿಗೆ ಕೆಲಸ ಕೊಡಿ ಎಂದರಲ್ಲ ಡಾಕ್ಟರು, ಇದಕ್ಕಿಂತ ಇಷ್ಟದ ಕೆಲಸ ಅವಳಿಗೆ ಯಾವುದಿತ್ತು, ಸಂಜೆಯ ಬ್ಯಾಚು ಬಿಟ್ಟು ಟೈಪ್‌ರೈಟರುಗಳಿಗೆ ಗವಸು ಹಾಕಿದ ಮೇಲೆ ಈ ಕಂಪ್ಯೂಟರಿನ ಮುಂದೆ ಒಂದೇ ಬೆಂಚಿನಲ್ಲಿ ಇಬ್ಬರೂ, ಇಳಿಯುವ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸಿ ಸಾಲು ಅಳಿಸುವ ಆಟ, ಎಡಬಲ ಸರಿಸುವುದು ಅವರು, ತಿರುಗಿಸುವುದು ಅವಳು, ರೀ, ಗೋಡೆ ಪಕ್ಕ ಜಾಗ ಬಿಡಿ, ಉದ್ದಂದು ಬಂದೇ ಬರತ್ತೆ, ಬರದಿದ್ರೆ ಎಂದು ಇವರು, ಬರದಿದ್ರೆ ಸೋಲೋಣ ಮಾರಾಯ್ರೆ, ಯಾರಪ್ಪನ ಗಂಟು ಹೋಗತ್ತೆ, ಎಂದು ಅವಳೆನ್ನುವಾಗ ಮೊಣಕೈಗೆ ಮೊಣಕೈ ತಗಲುತ್ತಿತ್ತು, ಅಷ್ಟಕ್ಕಾಗಿಯೇ ಅವರು ಆಡುತ್ತಿದ್ದರೆಂದು ಅವಳಿಗೆ ಗೊತ್ತಿತ್ತೆ, ಹೇಳಬೇಕಿತ್ತು, ಹೇಳಲಿಲ್ಲ—

ಈಗಲೂ ಬಿಟ್ಟಿದ್ದಾರೆ, ಪರದೆಯಂಚಿನ ಗೋಡೆಯ ಪಕ್ಕ ಒಂದೇ ಚೌಕದಗಲದ ಕತ್ತಲೆ, ತಿರುಗಿಸದೆಯೇ ಹೊಂದುವಂಥವನ್ನು ಹೇಗೋ ಹೊಂದಿಸುತ್ತ, ಹೊಂದದವನ್ನು ಹಾಗೇ ಒರಗಿಸುತ್ತ, ಅಗೋ ಉದ್ದನೆಯದು, ಅಡ್ಡ ಮಲಗಿಯೇ ಇಳಿಯುತ್ತಿದೆ, ಎಬ್ಬಿಸಿ ನಿಲ್ಲಿಸಬೇಕು, ಅವಳ ತೋರುಬೆರಳು ಕೀಯ ಮೇಲೆ ನಡುಗುತ್ತದೆ, ತಾಗುವುದಿಲ್ಲ, ಅವರ ಕೈಗೆ ಆ ಕೀಯೇನು ಮಹಾ ದೂರ, ತಾವೇ ಒತ್ತಬಹುದು, ಆದರೆ ಟೈಪಿಂಗಿನಲ್ಲಿ ಒಂದು ಬೆರಳಿನ ಕೀಯನ್ನು ಇನ್ನೊಂದು ಬೆರಳು ಮುಟ್ಟಬಾರದು, ಮುಟ್ಟಿದವರ ಗೆಣ್ಣಿಗೆ ಅವಳು ಸ್ಕೇಲಿನಿಂದ ತಟ್ಟುತ್ತಿದ್ದಳು, ಹೇಮಶ್ರೀ, ಅದು ಉಂಗುರದ ಬೆರಳಿಂದಮ್ಮಾ, ಅದರ ಊಟ ನೀನ್ಯಾಕೆ ಉಣ್ತೀಯ, ಹುಡುಗಿಯರೆಲ್ಲ ನಗುತ್ತಿದ್ದರು, ಇದನ್ನೂ ತಾನೇ ಒತ್ತಿಬಿಟ್ಟರೆ ಆ ಬೆರಳಿಗೆ ಜಗತ್ತಿನಲ್ಲಿ ಇನ್ನು ಯಾವ ಕೀ ಉಳಿಯುತ್ತದೆ, ತಡಿ, ತಡಿ ಎಂದುಕೊಳ್ಳುತ್ತಲೇ ಹಳೆಯ ರೂಢಿಯಂತೆ ಗೋಡೆಯತ್ತ ಸರಿಸುತ್ತಾರೆ, ಅದು ಮಲಗಿದಂತೆಯೇ ಬಂದು ಆ ಕತ್ತಲೆಯ ಬಾಯಿಗೆ ಮುಚ್ಚಳವಾಗುತ್ತದೆ, ಮುಚ್ಚೋಯ್ತಲ್ರೀ, ತೊದಲುವ ದನಿ, ನೀವೇ ಒತ್ತಬಾರದಿತ್ತಾ, ಅದು ನಿನ್ನ ಕೀ ಭವಾನಿ, ಎಂಥ ಮನುಷ್ಯರಪ್ಪಾ ನೀವು, ಅರ್ಧ ತುಟಿಯಲ್ಲಿ ನಗು, ಇನ್ನೊಂದಾಟ ಹಾಕಿ, ಹಾಕಿದ್ದಾರೆ, ಕಾರ್ಖಾನೆಯ ಸೈರನ್ನು ಕೂಗಿ ನಿಂತಿದೆ, ಸಾಲುಗಳು ಏರಿವೆ, ಮತ್ತೆ ಗೋಡೆಯ ಪಕ್ಕ ಆ ಒಂದು ಚೌಕದಗಲದ ಕತ್ತಲೆ, ನೆತ್ತಿಯಲ್ಲಿ ಅಡ್ಡ ಮಲಗಿದ ಉದ್ದನೆಯ ನೀಲಿ, ಕೀಯ ಮೇಲೆ, ಇನ್ನೂ ತಾಗದೆ, ಅವಳ ಬೆರಳು